ಲೆಕ್ಕ ನೋಡಿ ಬಿಟ್ಟ ಸಾಲ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಹಿಂದೆ ತುಂಗೆಯ ತೀರದ ಊರು, ಮುಂದೆ ಭದ್ರೆಯ ತೀರದ ಊರು. ನಡುವೆ ಹಾಲಿನ ಡೈರಿ, ಕೈಗಾರಿಕಾ ಪ್ರದೇಶದ ತಗಡಿನ ಛಾವಣಿಗಳು, ಪಾಳಿ ಮುಗಿದೊಡನೆ ಬಸ್ಸಿಗಾಗಿ ಕಾದು ನಿಲ್ಲುವ ಜನ. ಈ ಸೀಮೆಯಲ್ಲಿ ದುಡಿದು ಬಾಳುವವರಲ್ಲಿ ಕ್ರೈಸ್ತ ಮನೆತನಗಳವರೂ ಉಂಟು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಕೆಲಸವನ್ನರಸಿ ಬಂದ ತಮಿಳು, ಮಲಯಾಳ, ಕೊಂಕಣಿ ಮಾತಿನ ಕುಟುಂಬಗಳು ಇಲ್ಲಿಯೇ ನೆಲೆನಿಂತು, ಮಕ್ಕಳ ಕಾಲಕ್ಕೆ ಕನ್ನಡದಲ್ಲಿಯೇ ಜಗಳವಾಡುವಷ್ಟು ಈ ನೆಲದವಾದವು. ಶಿವಮೊಗ್ಗ 1988ರ ನವೆಂಬರಿನಲ್ಲಿ ಕಥೋಲಿಕರ ಪ್ರತ್ಯೇಕ ಧರ್ಮಕ್ಷೇತ್ರವಾಯಿತು.

ಜಗಳದ ಮಾತು ಸುಮ್ಮನೆ ಬಂದುದಲ್ಲ. ಇಂತಹ ಮನೆಯೊಂದನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು; ಹೆಸರು ಬೇಡ, ಏಕೆಂದರೆ ಯಾವ ಜಾತಿಮತದ ಬೀದಿಯಲ್ಲಿಯೂ ಅದು ಸಿಕ್ಕೀತು. ತಂದೆ ಕಾರ್ಖಾನೆಯಿಂದ ಬಿಡುಗಡೆ ಪಡೆದಾಗ ಕೈಗೆ ಬಂದ ಹಣ ಹನ್ನೆರಡು ಲಕ್ಷ ರೂಪಾಯಿ. ಹಿರಿಯ ಮಗ ಅದನ್ನು ತೆಗೆದುಕೊಂಡು ತನ್ನ ಹೆಸರಿನಲ್ಲಿ ಮನೆ ಕಟ್ಟಿಸಿದ. ತಮ್ಮನ ಪಾಲನ್ನು ‘ಆಮೇಲೆ ನೋಡೋಣ’ ಎಂದ. ತಂದೆ ತೀರಿಕೊಂಡ ಮೇಲೆ ಆ ‘ಆಮೇಲೆ’ ಬರಲೇ ಇಲ್ಲ. ತಮ್ಮ ಮಾಚೇನಹಳ್ಳಿಯ ಶೆಡ್ಡೊಂದರಲ್ಲಿ ಪಾಳಿಯ ಕೆಲಸ ಮಾಡಿ ಬಾಡಿಗೆಯ ಮನೆಯಲ್ಲಿದ್ದಾನೆ. ಇಬ್ಬರೂ ಭಾನುವಾರ ಒಂದೇ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬನು ಎಡಗಡೆಯ ಬೆಂಚು, ಒಬ್ಬನು ಬಲಗಡೆಯ ಬೆಂಚು. ನಾಲ್ಕು ವರ್ಷದಿಂದ ಮಾತಿಲ್ಲ.

ಇಬ್ಬರ ಸಂಕಟವೂ ಪೂಜೆಯ ಒಂದು ಘಟ್ಟದಲ್ಲಿ ಬಂದೇ ಬರುತ್ತದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂದು ಕ್ರೈಸ್ತರೆಲ್ಲರೂ ನಂಬುವ ಪ್ರಾರ್ಥನೆಯನ್ನು ಸಭೆಯೆಲ್ಲ ಒಕ್ಕೊರಲಿನಿಂದ ಹೇಳುತ್ತದೆ. ಅದರಲ್ಲಿ ಅನ್ನವನ್ನು ಬೇಡಿದೊಡನೆಯೇ ಕ್ಷಮೆಯ ಬೇಡಿಕೆ. ಆದರೆ ಬರಿಯ ಬೇಡಿಕೆಯಲ್ಲ, ಅದಕ್ಕೊಂದು ಕೊಂಡಿಯುಂಟು. ಬೇಡುವವನು ತಾನು ಇತರರನ್ನು ಕ್ಷಮಿಸಿರುವುದನ್ನು ತನ್ನ ಬೇಡಿಕೆಯೊಡನೆ ಸೇರಿಸಿಯೇ ಹೇಳಬೇಕು. ಕ್ಷಮಿಸದವನು ಈ ಪ್ರಾರ್ಥನೆಯನ್ನು ಹೇಳಿದರೆ ತನ್ನ ಮೇಲೆ ತಾನೇ ತೀರ್ಪು ಬರೆದುಕೊಂಡಂತೆ. ಅದು ಮುಗಿದ ಸ್ವಲ್ಪ ಹೊತ್ತಿಗೆ, ಪರಮಪ್ರಸಾದಕ್ಕೆ ಮುನ್ನ, ಒಬ್ಬರಿಗೊಬ್ಬರು ಶಾಂತಿಯನ್ನು ಕೋರಬೇಕು. ಅಕ್ಕಪಕ್ಕದವರು ಕೈಮುಗಿಯುತ್ತಾರೆ. ಅಣ್ಣ ಎಡಕ್ಕೆ ತಿರುಗುತ್ತಾನೆ, ತಮ್ಮ ಬಲಕ್ಕೆ ತಿರುಗುತ್ತಾನೆ. ನಡುವಣ ಓಣಿಯನ್ನು ಇಬ್ಬರೂ ನೋಡುವುದಿಲ್ಲ.

ಈ ಶಾಂತಿಯ ಕುರುಹಿಗೂ ದಕ್ಷಿಣ ಭಾರತಕ್ಕೂ ಇರುವ ನಂಟು ಬಹುಮಂದಿಗೆ ತಿಳಿಯದು. ಆದಿಕಾಲದ ಸಭೆಗಳಲ್ಲಿ ಭಕ್ತರೆಲ್ಲರ ನಡುವೆ ನಡೆಯುತ್ತಿದ್ದ ಈ ಆಚಾರ ಪಶ್ಚಿಮದಲ್ಲಿ ಕಾಲಕ್ರಮೇಣ ಬಲಿಪೀಠದ ಬಳಿಯ ಗುರುಗಳ ನಡುವಣ ವಿಧಿಯಾಗಿ ಕುಗ್ಗಿಹೋಗಿತ್ತು. 1947ರ ಸೆಪ್ಟೆಂಬರಿನಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ, 1950ರಲ್ಲಿ ಸಿದ್ಧಪಡಿಸಿದ ತಮ್ಮ ಆರಾಧನಾಕ್ರಮದಲ್ಲಿ ಅದನ್ನು ಮರಳಿ ಜನರ ಕೈಗೆ ಕೊಟ್ಟರು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ರೀತಿ ಅದಕ್ಕೆ ಮಾದರಿ: ಒಬ್ಬನ ಬಲ ಅಂಗೈ ಇನ್ನೊಬ್ಬನ ಬಲ ಅಂಗೈಗೆ ತಾಗಬೇಕು, ಎಡಗೈ ಮೇಲಿಂದ ಮುಚ್ಚಬೇಕು. ಪೀಠದಿಂದ ಹೊರಟ ಶಾಂತಿ ಕೈಯಿಂದ ಕೈಗೆ ಸಾಗಿ ಕೊನೆಯ ಬೆಂಚನ್ನು ಮುಟ್ಟುತ್ತದೆ. ಮುಂದೆ ಪಶ್ಚಿಮದ ಅನೇಕ ಸಭೆಗಳು ತಮ್ಮ ಆರಾಧನೆಯನ್ನು ತಿದ್ದಿಕೊಳ್ಳುವಾಗ ಈ ಕ್ರಮವನ್ನು ಗಮನಿಸಿದವು. ಭಾರತದ ಕಥೋಲಿಕರಿಗೆ 1969ರಲ್ಲಿ ಕೈಮುಗಿದು ಶಾಂತಿ ಕೋರಲು ಅನುಮತಿ ದೊರೆಯಿತು. ಕೈ ತಾಗಬೇಕೆಂದಾಗ ತಪ್ಪಿಸಿಕೊಳ್ಳುವುದು ಕಷ್ಟ. ದೂರದಿಂದ ಕೈಮುಗಿಯುವುದರಲ್ಲಿ ಜಾರಿಕೊಳ್ಳಲು ಎಡೆಯುಂಟು ಎಂದು ಯಾರಾದರೂ ಟೀಕಿಸಿದರೆ ಅದರಲ್ಲಿ ಅರೆಪಾಲು ನಿಜವಿದ್ದೀತು.

ಇರಲಿ. ಅಣ್ಣತಮ್ಮಂದಿರ ಬಂಧುಗಳು ತಮ್ಮನಿಗೆ ಹೇಳುವ ಮಾತು ಒಂದೇ: ‘ಹೋಗಲಿ ಬಿಡಪ್ಪಾ, ಕ್ಷಮಿಸಿಬಿಡು, ಎಷ್ಟಾದರೂ ಅಣ್ಣ.’ ಹೇಳುವವರ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ ‘ಹೋಗಲಿ ಬಿಡು’ ಎಂಬುದೂ ಕ್ಷಮೆಯೂ ಒಂದೇ ಹೌದೇ? ಈ ಪ್ರಶ್ನೆಗೆ ಕ್ರೈಸ್ತ ಧರ್ಮಗ್ರಂಥವೇ ಕೊಡುವ ಉತ್ತರ, ಕ್ರೈಸ್ತರಲ್ಲಿಯೂ ಅನೇಕರು ತಿಳಿದುಕೊಂಡಿರುವುದಕ್ಕಿಂತ ಭಿನ್ನವಾಗಿದೆ.

ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟ ಗ್ರಂಥ. ಅಲ್ಲಿ ಕ್ಷಮಿಸು ಎಂಬುದಕ್ಕೆ ಬಂದಿರುವ ಮುಖ್ಯ ಕ್ರಿಯಾಪದದ ಮೂಲಾರ್ಥ ‘ಬಿಡು’. ಬೆಸ್ತರಾದ ಪೇತ್ರ, ಅಂದ್ರೆಯರು ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರೆಂಬಲ್ಲಿಯೂ ಅದೇ ಪದ. ಕಾಣಿಕೆಯನ್ನು ತಂದವನಿಗೆ ಸಹೋದರನೊಬ್ಬನ ಮನಸ್ಸು ತನ್ನ ಮೇಲೆ ಮುರಿದಿದೆಯೆಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂಬಲ್ಲಿಯೂ ಅದೇ. ಸಾಲವನ್ನು ಬಿಟ್ಟುಬಿಡುವುದಕ್ಕೂ ಅದೇ. ಮತ್ತಾಯನ ಸುವಾರ್ತೆಯ ಪಾಠದಲ್ಲಿ ಆ ಪ್ರಾರ್ಥನೆಯ ಮಾತು ಅಕ್ಷರಶಃ ‘ಸಾಲ’ವೆಂದೇ ಇದೆ, ಯೇಸು ಆಡುತ್ತಿದ್ದ ಅರಮೇಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ನಡೆಯುತ್ತಿತ್ತು. ಆದ್ದರಿಂದ ಕ್ಷಮೆಯೆಂದರೆ ಇಲ್ಲಿ ಮನಸ್ಸಿನ ಮೆತ್ತನೆಯ ಭಾವವಲ್ಲ. ಬರಬೇಕಾದ ಬಾಕಿಯೊಂದನ್ನು ಬಿಟ್ಟುಕೊಡುವ ಕೆಲಸ. ಬಾಕಿಯೇ ಇಲ್ಲದಿದ್ದರೆ ಬಿಡುವುದೇನನ್ನು?

ಸುವಾರ್ತೆಯ ಪ್ರಸಿದ್ಧವಾದ ಸಾಮತಿಯೊಂದು ಇದನ್ನು ಲೆಕ್ಕದ ಪುಸ್ತಕದ ಮೂಲಕವೇ ಹೇಳುತ್ತದೆ. ಅರಸನೊಬ್ಬನು ಸೇವಕರಿಂದ ಲೆಕ್ಕ ತೆಗೆದುಕೊಳ್ಳಲು ಕುಳಿತ. ಹತ್ತು ಸಾವಿರ ತಲಾಂತು ಕೊಡಬೇಕಾದವನೊಬ್ಬ ಸಿಕ್ಕಿಬಿದ್ದ. ಕಾಲಿಗೆ ಬಿದ್ದು ಬೇಡಿಕೊಂಡನೆಂದು ಅರಸನು ಅದನ್ನೆಲ್ಲ ಬಿಟ್ಟ. ಆತ ಹೊರಗೆ ಹೋದವನೇ ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದ. ಅರಸನಿಗೆ ಇದು ತಿಳಿದು ಬಿಟ್ಟ ಸಾಲ ಮತ್ತೆ ಅವನ ಕೊರಳಿಗೆ ಬಿತ್ತು.

ಇಲ್ಲಿ ಸ್ವಲ್ಪ ಗಣಿತ ಮಾಡಬೇಕು. ಉಪದೇಶಗಳಲ್ಲಿ ಇದನ್ನು ಬಿಟ್ಟುಬಿಡುವುದರಿಂದಲೇ ಕಥೆಯ ಅರ್ಥ ಮಸುಕಾಗುತ್ತದೆ. ದಿನಾರಿಯೆಂದರೆ ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೆ ಎರಡು ಲಕ್ಷ ವರ್ಷ. ಇದು ತೀರುವ ಸಾಲವಲ್ಲ. ಕೇಳಿದವರು ನಕ್ಕಿದ್ದರೂ ನಕ್ಕಿರಬಹುದು. ಆದರೆ ಇನ್ನೊಂದು ಸಾಲವನ್ನು ನೋಡಿ: ನೂರು ದಿನಾರಿ. ‘ಅಲ್ಪ ಮೊತ್ತ’ ಎಂದು ವ್ಯಾಖ್ಯಾನಕಾರರು ಹೇಳುವುದುಂಟು. ನೂರು ದಿನದ ಕೂಲಿ ಅಲ್ಪವೇ? ಮಾಚೇನಹಳ್ಳಿಯ ಪಾಳಿಯ ಕೆಲಸಗಾರನನ್ನು ಕೇಳಿದರೆ ತಿಳಿದೀತು: ನಾಲ್ಕು ತಿಂಗಳ ಬಾಡಿಗೆ, ಅಕ್ಕಿ, ಮಕ್ಕಳ ಶಾಲೆಯ ಶುಲ್ಕ. ಆ ಸೇವಕನಿಗೆ ಬರಬೇಕಾಗಿದ್ದ ಬಾಕಿ ನಿಜವಾದುದೇ, ಸಣ್ಣದೂ ಅಲ್ಲ. ನಿನಗಾದ ಅನ್ಯಾಯ ಹುಲ್ಲುಕಡ್ಡಿ ಎಂದು ಸಾಮತಿ ಎಲ್ಲಿಯೂ ಹೇಳುವುದಿಲ್ಲ. ಅದು ಹೇಳುವುದು, ನಿನ್ನದೊಂದು ಎರಡು ಲಕ್ಷ ವರ್ಷದ ಸಾಲವನ್ನು ಯಾರೋ ಬಿಟ್ಟಿದ್ದಾರೆ ಎಂಬುದನ್ನಷ್ಟೆ.

ಗಮನಿಸಬೇಕಾದ ಇನ್ನೊಂದು ಸಂಗತಿ: ಅರಸನು ಮೊದಲು ಲೆಕ್ಕ ನೋಡಿದ, ಬಳಿಕ ಬಿಟ್ಟ. ಪುಸ್ತಕವನ್ನು ತೆರೆಯದೆ ಬಿಸಾಡಲಿಲ್ಲ. ಮತ್ತಾಯನ ಅದೇ ಹದಿನೆಂಟನೆಯ ಅಧ್ಯಾಯದಲ್ಲಿ ಈ ಕಥೆಗೆ ಮುನ್ನ, ತಪ್ಪು ಮಾಡಿದ ಸಹೋದರನೊಡನೆ ನಡೆದುಕೊಳ್ಳುವ ಕ್ರಮವನ್ನು ಹೇಳಿದೆ. ಮೊದಲು ಅವನೊಬ್ಬನೇ ಇದ್ದಾಗ ಹೋಗಿ ತಪ್ಪನ್ನು ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ. ಅದಕ್ಕೂ ಕೇಳದಿದ್ದರೆ ಸಭೆಯ ಮುಂದೆ. ತಪ್ಪನ್ನು ತಪ್ಪೆಂದು ಹೆಸರಿಸುವ ಈ ಕಷ್ಟದ ಕೆಲಸದ ಬೆನ್ನಿಗೇ ಪೇತ್ರನ ಪ್ರಶ್ನೆ: ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ? ಏಳೆಪ್ಪತ್ತು ಸಲ ಎಂದು ಉತ್ತರ. ಎಪ್ಪತ್ತೇಳು ಸಲ ಎಂದೂ ಅದನ್ನು ಓದಬಹುದು. ಆದಿಕಾಂಡದಲ್ಲಿ ಲೆಮೆಕನೆಂಬವನು ತನಗೆ ಎಪ್ಪತ್ತೇಳರಷ್ಟು ಸೇಡು ಸಲ್ಲಬೇಕೆಂದು ಜಂಬ ಕೊಚ್ಚಿಕೊಂಡಿದ್ದ. ಸೇಡಿನ ಆ ಸಂಖ್ಯೆಯನ್ನೇ ಹಿಡಿದು ಕ್ಷಮೆಯ ಸಂಖ್ಯೆಯನ್ನಾಗಿ ತಿರುಗಿಸಿದಂತಿದೆ. ಅನುಭವಸ್ಥರು ಇದಕ್ಕೆ ಇನ್ನೊಂದು ಅರ್ಥವನ್ನೂ ಹೇಳುತ್ತಾರೆ: ಎಪ್ಪತ್ತು ಬೇರೆ ಬೇರೆ ತಪ್ಪುಗಳೇ ಬೇಕಿಲ್ಲ, ಒಂದೇ ತಪ್ಪು ಎಪ್ಪತ್ತು ಸಲ ನೆನಪಾಗುತ್ತದೆ, ನೆನಪಾದಾಗಲೆಲ್ಲ ಮತ್ತೆ ಬಿಡಬೇಕಾಗುತ್ತದೆ.

ಕಥೋಲಿಕರ ಪಾಪನಿವೇದನೆಯಲ್ಲಿಯೂ ಈ ಲೆಕ್ಕದ ಅಂಶವುಂಟು. ವರ್ಷಕ್ಕೆ ಒಮ್ಮೆಯಾದರೂ ಗುರುಗಳ ಮುಂದೆ ಪಾಪವನ್ನು ಹೇಳಿಕೊಳ್ಳಬೇಕೆಂದು 1215ರ ಲ್ಯಾಟೆರನ್ ಮಹಾಸಭೆ ವಿಧಿಸಿತು. ಕೇಳಿದ ಗುರು ಪ್ರಾಣ ಹೋದರೂ ಅದನ್ನು ಹೊರಗೆಡಹುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದುದು ಇದು: ಕದ್ದವನು ‘ಕ್ಷಮಿಸಿ’ ಎಂದು ಎದ್ದುಬರುವಂತಿಲ್ಲ; ಸಾಧ್ಯವಿದ್ದಷ್ಟು ಕದ್ದುದನ್ನು ಹಿಂದಿರುಗಿಸಬೇಕು. ಸುಂಕದವನಾದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ, ಮೋಸದಿಂದ ತೆಗೆದುಕೊಂಡುದನ್ನು ನಾಲ್ಕರಷ್ಟಾಗಿ ಹಿಂದೆ ಕೊಡುವೆನೆಂದು ಎದ್ದುನಿಂತ ಕಥೆ ಇದಕ್ಕೆ ಆಧಾರ. ಎಡಗಡೆಯ ಬೆಂಚಿನ ಅಣ್ಣ ಪ್ರತಿ ತಪಸ್ಸುಕಾಲದಲ್ಲಿಯೂ ಪಾಪನಿವೇದನೆಗೆ ಹೋಗುತ್ತಾನೆ ಎನ್ನಿ. ಆರು ಲಕ್ಷದ ಮಾತನ್ನು ಅಲ್ಲಿ ಹೇಳುತ್ತಾನೋ ಇಲ್ಲವೋ ಅವನಿಗೂ ದೇವರಿಗೂ ಬಿಟ್ಟದ್ದು.

ನೆರೆಯ ಧರ್ಮಗಳಲ್ಲಿ ಇದಕ್ಕೆ ಸಾಟಿಯಾದುದು ಇಲ್ಲದಿಲ್ಲ. ಇದೇ ಜಿಲ್ಲೆಯ ಹೊಂಬುಜದಂತಹ ಜೈನ ಕ್ಷೇತ್ರವನ್ನು ಬಲ್ಲವರಿಗೆ ಕ್ಷಮಾವಣಿಯ ಪರಿಚಯವಿದ್ದೇ ಇರುತ್ತದೆ. ದಶಲಕ್ಷಣ ಪರ್ವದ ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ; ಪರ್ವ ಮುಗಿದಾಗ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗಾಗಿ ಎಲ್ಲ ಜೀವಿಗಳಲ್ಲಿಯೂ ಕ್ಷಮೆ ಕೇಳುತ್ತಾರೆ. ಸಂಸ್ಕೃತದಲ್ಲಿ ಕ್ಷಮೆಯೆಂದರೆ ಸಹನೆ, ಭೂಮಿಗೂ ಅದೇ ಹೆಸರು: ತುಳಿದರೂ ಅಗೆದರೂ ತಾಳಿಕೊಳ್ಳುವವಳು. ಕನ್ನಡದ ‘ಮನ್ನಿಸು’ ಇನ್ನೂ ಸೊಗಸು. ಮನ್ನಣೆಗೂ ಮನ್ನಿಸುವುದಕ್ಕೂ ಬೇರು ಒಂದೇ. ಹಳಗನ್ನಡದಲ್ಲಿ ಮನ್ನಿಸುವುದೆಂದರೆ ಗೌರವಿಸುವುದು. ತಪ್ಪು ಮಾಡಿ ಮನುಷ್ಯರ ಸಾಲಿನಿಂದ ಕೆಳಗಿಳಿದವನಿಗೆ ಮತ್ತೆ ಮನುಷ್ಯನ ಸ್ಥಾನವನ್ನು ಕೊಡುವ ಭಾವ ಈ ಪದದಲ್ಲಿ ಉಳಿದಿದೆ. ಗ್ರೀಕಿನ ‘ಬಿಡು’ ಮತ್ತು ಕನ್ನಡದ ‘ಮನ್ನಿಸು’ ಎರಡೂ ಕೂಡಿದಾಗ ಏನಾಗುತ್ತದೆಂಬುದಕ್ಕೆ ಇತ್ತೀಚಿನ ಕಾಲದ ಉದಾಹರಣೆಯೊಂದುಂಟು. ಅದು ನಡೆದುದು ದೂರದ ಮಧ್ಯಪ್ರದೇಶದಲ್ಲಿ; ಆದರೆ ಅಲ್ಲಿಯೂ ಮೂಲದಲ್ಲಿದ್ದುದು ಸಾಲದ ಲೆಕ್ಕವೇ.

ರಾಣಿ ಮರಿಯ ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದವರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸನ್ಯಾಸಿನಿ. ಇಂದೂರಿನ ಧರ್ಮಕ್ಷೇತ್ರಕ್ಕೆ ಸೇರಿದ ಉದಯನಗರದಲ್ಲಿ ಬಡ ಆದಿವಾಸಿ ರೈತರ ನಡುವೆ ಕೆಲಸ ಮಾಡಿದರು. ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದ ಜನರಿಗೆ ಬ್ಯಾಂಕಿನ ಸಾಲ, ಸರ್ಕಾರದ ಸವಲತ್ತು ದೊರಕುವ ದಾರಿ ತೋರಿದರು, ಸಂಘ ಕಟ್ಟಲು ಕಲಿಸಿದರು. ಬಡ್ಡಿಯ ಆದಾಯ ಕುಗ್ಗಿದವರಿಗೆ ಇದು ಸಹಿಸಲಾಗಲಿಲ್ಲ. 1995ರ ಫೆಬ್ರವರಿ 25ರಂದು ಅವರು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಸಮಂದರ್ ಸಿಂಗ್ ಎಂಬ ಯುವಕ ಜನರ ಕಣ್ಣೆದುರಿಗೇ ಚೂರಿಯಿಂದ ಇರಿದು ಕೊಂದ. ಐವತ್ತಕ್ಕೂ ಹೆಚ್ಚು ಗಾಯಗಳಿದ್ದವು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ರಾಣಿ ಮರಿಯರ ತಂಗಿ ಸೆಲ್ಮಿ ಪಾಲ್ ಅದೇ ಸಭೆಯ ಸನ್ಯಾಸಿನಿ. 2002ರಲ್ಲಿ, ರಕ್ಷಾಬಂಧನದ ಸಮಯದಲ್ಲಿ, ಆಕೆ ಇಂದೂರಿನ ಸೆರೆಮನೆಗೆ ಹೋಗಿ ಅಕ್ಕನನ್ನು ಕೊಂದವನ ಮುಂಗೈಗೆ ರಾಖಿ ಕಟ್ಟಿದರು. ಕೊಲೆ ನಡೆದು ಏಳು ವರ್ಷವಾಗಿತ್ತೆಂಬುದನ್ನು ಮರೆಯಬಾರದು. ಕ್ಷಮೆ ರಾತ್ರೋರಾತ್ರಿ ಹಣ್ಣಾಗುವ ಕಾಯಲ್ಲ. ಮನೆಯವರು ಅವನ ಬಿಡುಗಡೆಗಾಗಿ ಅರ್ಜಿಗೆ ಸಹಿ ಹಾಕಿದರು. 2006ರಲ್ಲಿ ಅವನು ಹೊರಗೆ ಬಂದ. ಮರುವರ್ಷ ಪುಲ್ಲುವಳಿಗೆ ಹೋಗಿ ಆ ಮನೆಯ ಹೊಸ್ತಿಲಲ್ಲಿ ನಿಂತ. ವೃದ್ಧ ತಾಯಿ ಅವನ ಕೈಗಳನ್ನು ಹಿಡಿದು ಮುತ್ತಿಟ್ಟರು. ಮಗಳ ರಕ್ತ ತಾಗಿದ ಕೈಗಳು ಅವು ಎಂಬುದೇ ಆಕೆ ಕೊಟ್ಟ ಕಾರಣ. ಆ ತಾಯಿ ಏನನ್ನೂ ಮರೆತಿರಲಿಲ್ಲ. ಯಾವ ಕೈ ಎಂಬುದನ್ನು ಚೆನ್ನಾಗಿ ಬಲ್ಲವರಾಗಿಯೇ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೂರಿನಲ್ಲಿ ರಾಣಿ ಮರಿಯರನ್ನು ‘ಧನ್ಯ’ರೆಂದು ಘೋಷಿಸಿದಾಗ ಸಮಂದರ್ ಸಿಂಗನೂ ಆ ಸಭೆಯಲ್ಲಿದ್ದ.

ಇಂತಹ ಕಥೆಗಳನ್ನು ಕೇಳಿದವರಿಗೆ ಒಂದು ಶಂಕೆ ಬರುವುದು ಸಹಜ: ಎಲ್ಲರೂ ಹೀಗೆ ಕ್ಷಮಿಸಿದರೆ ಕಾನೂನಿನ ಗತಿಯೇನು? 1999ರ ಜನವರಿಯಲ್ಲಿ ಒರಿಸ್ಸದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಅವರನ್ನೂ ಹತ್ತು ಮತ್ತು ಆರು ವರ್ಷದ ಅವರ ಇಬ್ಬರು ಗಂಡುಮಕ್ಕಳನ್ನೂ ಮಲಗಿದ್ದ ವಾಹನದಲ್ಲಿಯೇ ಸುಟ್ಟರು. ಪತ್ನಿ ಗ್ಲಾಡಿಸ್ ತಾವು ಕ್ಷಮಿಸಿರುವುದಾಗಿ ಹೇಳಿದರು. ಅದರೊಡನೆಯೇ, ಕ್ಷಮೆ ಬೇರೆ, ಕಾನೂನಿನ ಕೆಲಸ ಬೇರೆ ಎಂಬುದನ್ನೂ ಸ್ಪಷ್ಟಪಡಿಸಿದರು. ಕೊಲೆಗಾರರ ನಾಯಕನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ತಾಯಿ ಮಾತ್ರ ತಕ್ಷಣ ದೇಶ ಬಿಟ್ಟು ಹೋಗದೆ ಕೆಲವು ವರ್ಷ ಬಾರಿಪದದಲ್ಲಿಯೇ ನಿಂತು ಗಂಡನ ಕೆಲಸವನ್ನು ಮುಂದುವರಿಸಿದರು. 2005ರಲ್ಲಿ ಸರ್ಕಾರ ಪದ್ಮಶ್ರೀ ನೀಡಿತು. ಪೋಪ್ ಎರಡನೆಯ ಜಾನ್ ಪಾಲರು ತಮ್ಮ ಮೇಲೆ 1981ರಲ್ಲಿ ಗುಂಡು ಹಾರಿಸಿದವನನ್ನು ಕೆಲವೇ ದಿನಗಳಲ್ಲಿ ಕ್ಷಮಿಸಿದರು, 1983ರಲ್ಲಿ ಸೆರೆಮನೆಗೇ ಹೋಗಿ ಕಂಡರು. ಇಟಲಿಯ ಸರ್ಕಾರ ಅವನಿಗೆ ಕ್ಷಮಾದಾನ ಕೊಟ್ಟುದು 2000ದಲ್ಲಿ. ಎರಡು ಕ್ಷಮೆಗಳ ನಡುವೆ ಹತ್ತೊಂಬತ್ತು ವರ್ಷ.

ಈ ವಿವೇಚನೆ ಮನೆಯೊಳಗೆ ಬಂದಾಗ ಇನ್ನೂ ಅಗತ್ಯ. ಕುಡಿದು ಬಂದು ಹೊಡೆಯುವ ಗಂಡನ ಕೈಯಲ್ಲಿ ನಲುಗಿದ ಹೆಣ್ಣುಮಗಳು ತವರಿಗೆ ಬಂದರೆ, ‘ಏಳೆಪ್ಪತ್ತು ಸಲ’ ಎಂಬ ವಾಕ್ಯವನ್ನು ನೆನಪಿಸಿ ಅವಳನ್ನು ಅದೇ ಮನೆಗೆ ಅಟ್ಟುವ ಹಿರಿಯರಿದ್ದಾರೆ. ಇದು ಧರ್ಮದ ಹೆಸರಿನಲ್ಲಿ ನಡೆಯುವ ಕ್ರೌರ್ಯವೆಂದೇ ಹೇಳಬೇಕು. ಕ್ಷಮಿಸುವುದು ಪೆಟ್ಟು ತಿಂದವಳ ಹಕ್ಕು. ಅದನ್ನು ಅವಳ ಪರವಾಗಿ ಬೇರೆಯವರು ಕೊಟ್ಟುಬಿಡಲು ಬರುವುದಿಲ್ಲ. ಮತ್ತು ಸಾಲವನ್ನು ಬಿಟ್ಟವನು ಅದೇ ಸಾಲಗಾರನಿಗೆ ಮಾರನೆಯ ದಿನ ಪೆಟ್ಟಿಗೆಯ ಬೀಗದ ಕೈಯನ್ನು ಕೊಡಬೇಕೆಂದು ಯಾವ ಸುವಾರ್ತೆಯೂ ಹೇಳಿಲ್ಲ. ಸಭೆಯ ಹಿರಿಯರು ಇತರರಿಗೆ ಕ್ಷಮೆಯನ್ನು ಬೋಧಿಸುವಷ್ಟೇ ತಾವು ಕ್ಷಮೆ ಕೇಳುವುದನ್ನೂ ಕಲಿಯಬೇಕೆಂಬುದಕ್ಕೆ, 2000ದ ಮಾರ್ಚಿನಲ್ಲಿ ಅದೇ ಪೋಪರು ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ಪಾಪಗಳಿಗಾಗಿ ರೋಮಿನಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದುದು ಸಾಕ್ಷಿ.

ಮಾಚೇನಹಳ್ಳಿಯ ತಮ್ಮನಿಗೆ ಇದೆಲ್ಲ ಎಷ್ಟು ತಿಳಿದಿದೆಯೋ! ಅವನ ಮುಂದಿರುವುದು ಮೂರು ದಾರಿ. ಕೋರ್ಟಿಗೆ ಹೋಗಬಹುದು, ಅದು ತಪ್ಪಲ್ಲ. ‘ಹೋಗಲಿ ಬಿಡು’ ಎಂದು ನುಂಗಿಕೊಂಡು ಒಳಗೊಳಗೇ ಬೇಯಬಹುದು. ನಾಲ್ಕು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಮೂರನೆಯದು, ಶನಿವಾರ ಪಾಳಿ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗುವುದು. ಕಿಸೆಯಲ್ಲಿ ಒಂದು ಕಾಗದ: ತಂದೆಯ ಹಣ ಹನ್ನೆರಡು ಲಕ್ಷ, ಅದರಲ್ಲಿ ತನ್ನ ಪಾಲು ಆರು, ನಾಲ್ಕು ವರ್ಷ ಕಟ್ಟಿದ ಬಾಡಿಗೆ ಇಷ್ಟು. ‘ಅಣ್ಣಾ, ನೀನು ನನಗೆ ಕೊಡಬೇಕಾದ್ದು ಇಷ್ಟು. ಮೊದಲು ಇದು ಸರಿಯೋ ತಪ್ಪೋ ಹೇಳು’ ಎಂದು ಕೇಳಬೇಕು. ಎಷ್ಟನ್ನು ಪಡೆಯುವುದು, ಎಷ್ಟನ್ನು ಬಿಡುವುದು ಎಂಬ ಮಾತು ಆ ಮೇಲಿನದು.

ಅಣ್ಣ ಕಾಗದವನ್ನು ಓದಿ ಸುಮ್ಮನಾಗುತ್ತಾನೋ, ಬಾಗಿಲು ತೋರಿಸುತ್ತಾನೋ, ಒಳಗಿನಿಂದ ಅತ್ತಿಗೆ ಕಾಫಿ ತರುತ್ತಾಳೋ ತಮ್ಮನಿಗೆ ತಿಳಿಯದು. ಮಾರನೆಯ ದಿನ ಭಾನುವಾರ. ಪೂಜೆ ಬೆಳಿಗ್ಗೆ ಎಂಟು ಗಂಟೆಗೆ.